ಕಂಡಕ್ಟರಮ್ಮನ ಮೊದಲ ಡ್ಯೂಟಿ

ನನ್ನ ಅಡುಗೆಮನೆಯ ನಲ್ಲಿ ಮೂರು ದಿನದಿಂದ ಸೋರುತ್ತಿತ್ತು. ಹೇಳಿ ಕಳಿಸಿದ ಮೇಲೆ ಪ್ಲಂಬರ್ ಬಂದ. ನಮ್ಮ ಹಿಂದಿನ ಬೀದಿಯವನೇ. ಭಾರಿ ಮಾತುಗಾರ. ಪೈಪು ಬಿಚ್ಚುವಾಗ ಒಂದು ಕಥೆ, ಕೂಡಿಸುವಾಗ ಇನ್ನೊಂದು ಕಥೆ. ಅವತ್ತು ಮಾತ್ರ ತುಟಿ ಬಿಚ್ಚಲಿಲ್ಲ. ಸಿಂಕಿನ ಕೆಳಗೆ ತಲೆ ತೂರಿಸಿ ಮಲಗಿದ್ದವನು ಕೊನೆಗೆ ಅಲ್ಲಿಂದಲೇ ಕೇಳಿದ:

“ಸಿಸ್ಟರ್, ನಮ್ಮನೆಯವಳಿಗೆ ನೀವೊಂದು ಮಾತು ಹೇಳ್ಬೇಕು.”

“ಏನಪ್ಪಾ?”

“ಆ ನರ್ಸ್ ಕೆಲಸದ ಆಸೆ ಬಿಟ್ಬಿಡು ಅಂತ. ನಾನು ಹೇಳಿದ್ರೆ ಕಿವಿಗೇ ಹಾಕ್ಕೊಳಲ್ಲ. ನೀವು ಮೂವತ್ತನಾಲ್ಕು ವರ್ಷ ಆಸ್ಪತ್ರೇಲಿ ಇದ್ದವರು. ನೀವು ಹೇಳಿದ್ರೆ ಕೇಳ್ತಾಳೆ.”

ನಾನು ಒಲೆ ಆರಿಸಿ, ಸ್ಟೂಲು ಎಳೆದುಕೊಂಡು ಕೂತೆ.

ಅವನ ಹೆಂಡತಿಯನ್ನು ಅರಿಯದವರು ನಮ್ಮ ಬಡಾವಣೆಯಲ್ಲಿಲ್ಲ. ಹತ್ತೊಂಬತ್ತು ವರ್ಷ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದಳು. ಬೀದಿಯವರ ಬಾಯಲ್ಲಿ ಇವತ್ತಿಗೂ ಕಂಡಕ್ಟರಮ್ಮ. ನಲವತ್ತೆರಡನೆಯ ವಯಸ್ಸಿನಲ್ಲಿ ಆ ಕೆಲಸ ಬಿಟ್ಟು ನರ್ಸಿಂಗ್ ಓದಲು ಸೇರಿದಾಗ ಬೀದಿಗೆ ಬೀದಿಯೇ ಮೂಗಿನ ಮೇಲೆ ಬೆರಳಿಟ್ಟಿತ್ತು. ತಾಯಿಗೂ ಮಗಳಿಗೂ ಒಂದೇ ವಾರ ಪರೀಕ್ಷೆ. ಆ ಮೂರು ವರ್ಷ ಮನೆಯಲ್ಲಿ ಅಡುಗೆ ಮಾಡಿದ್ದು, ಬಟ್ಟೆ ಒಗೆದದ್ದು ಈ ಪ್ಲಂಬರೇ. ಈಗ ಅವಳು ಪಾಸಾಗಿ ಹತ್ತು ತಿಂಗಳಾಗಿತ್ತು. ಹದಿನಾಲ್ಕು ಆಸ್ಪತ್ರೆಗಳಿಗೆ ಹೋಗಿ ಬಂದಿದ್ದಳು. ಹದಿನಾಲ್ಕು ಕಡೆಯೂ ಬರಿಗೈ.

“ಓದಿಸಿದವನು ನೀನೇ ಅಲ್ವಾ? ಈಗ ಬಿಡು ಅಂತೀಯಲ್ಲ!” ಎಂದೆ.

ಅವನು ಸ್ಪ್ಯಾನರ್ ಕೆಳಗಿಟ್ಟು ಎದ್ದು ಕೂತ. “ಓದಿಸೋದು ಸುಲಭ ಇತ್ತು ಸಿಸ್ಟರ್. ಅವಳು ವಾಪಸ್ ಬರೋದನ್ನ ನೋಡೋದು ಕಷ್ಟ. ಫೈಲು ಹಿಡ್ಕೊಂಡು ಬರ್ತಾಳೆ. ಬಾಗಿಲ ಹೊರಗೆ ಒಂದು ನಿಮಿಷ ನಿಂತು ಮುಖ ಸರಿಮಾಡ್ಕೋತಾಳೆ. ಆಮೇಲೆ ನಗ್ತಾ ಒಳಗೆ ಬರ್ತಾಳೆ. ನಾನು ಕಿಟಕಿಯಿಂದ ನೋಡ್ತಿರ್ತೀನಿ ಅಂತ ಅವಳಿಗೆ ಗೊತ್ತಿಲ್ಲ.”

ಆ ಭಾನುವಾರ ಅವರ ಮನೆಗೆ ಹೋದೆ. ಎರಡೇ ಕೋಣೆ, ಚೊಕ್ಕಟ. ಗೋಡೆಯ ಮೊಳೆಗೆ ಇಸ್ತ್ರಿ ಮಾಡಿದ ಯೂನಿಫಾರಂ ನೇತುಹಾಕಿ, ಧೂಳು ಕೂರದಂತೆ ಹಳೆಯ ದಿಂಬಿನ ಚೀಲ ಹೊದಿಸಿದ್ದಳು. ಪ್ಲಂಬರ್ ಅಡುಗೆಮನೆಯ ಹೊಸ್ತಿಲಲ್ಲಿ ಕೂತು ತರಕಾರಿ ಹೆಚ್ಚುತ್ತಿದ್ದ. ನನ್ನನ್ನು ಕಂಡು ಕಣ್ಣಲ್ಲೇ ‘ಹೇಳಿ, ಹೇಳಿ’ ಎಂದ.

ಕಂಡಕ್ಟರಮ್ಮ ಚಹಾ ತಂದಿಟ್ಟು, ತಾನು ಹೋದ ಆಸ್ಪತ್ರೆಗಳ ಕಥೆಯನ್ನು ನಗೆಚಾಟಿಕೆಯಂತೆ ಹೇಳತೊಡಗಿದಳು.

“ಒಂದು ಕಡೆ ಬಾಗಿಲಲ್ಲೇ ಹುಡುಗಿ, ‘ಅಮ್ಮಾ, ಮಗಳನ್ನ ಒಳಗೆ ಕಳಿಸಿ, ನೀವು ಆಚೆ ಬೆಂಚಲ್ಲಿ ಕೂತಿರಿ’ ಅಂದ್ಲು. ನಾನೇ ಮಗಳು ಕಣಮ್ಮಾ ಅಂದೆ! ಇನ್ನೊಂದು ಕಡೆ ಅನುಭವ ಇದ್ಯಾ ಅಂದ್ರು. ಇಲ್ಲ ಅಂದೆ. ಇಷ್ಟು ವಯಸ್ಸಾಗಿ ಅನುಭವ ಇಲ್ವಾ ಅಂದ್ರು. ಯಾವ ಕಡೆಯಿಂದ ಹಿಡಿದ್ರೂ ನಂದೇ ತಪ್ಪು ಅಕ್ಕಾ.”

ನಗುತ್ತಲೇ ಹೇಳಿದಳು. ಆದರೆ ಕೈಯಲ್ಲಿದ್ದ ಲೋಟವನ್ನು ಸುಮ್ಮನೆ ತಿರುಗಿಸುತ್ತಲೇ ಇದ್ದಳು. ಚಹಾ ಆರಿಹೋಗಿತ್ತು.

“ಎಲ್ಲಿ, ನಿನ್ನ ಅರ್ಜಿ ತೋರಿಸು” ಎಂದೆ.

ಫೈಲು ಬಿಚ್ಚಿದಳು. ಶಾಲೆ ಮುಗಿಸಿದ ವರ್ಷ ಇತ್ತು. ಅದರ ಕೆಳಗೆ ನೇರವಾಗಿ ನರ್ಸಿಂಗ್ ಕಾಲೇಜು. ನಡುವೆ ಇಪ್ಪತ್ತಕ್ಕೂ ಹೆಚ್ಚು ವರ್ಷ ಖಾಲಿ.

“ಇದೇನಮ್ಮಾ? ಇಷ್ಟು ವರ್ಷ ಮಲಗಿದ್ಯಾ?”

“ಟೈಪ್ ಮಾಡಿಕೊಟ್ಟೋನು ಬಸ್ಸಿನ ವಿಷಯ ಹಾಕ್ಬೇಡಿ ಅಂದ. ಟಿಕೆಟ್ ಕೊಡ್ತಿದ್ದೋಳು ಇಂಜೆಕ್ಷನ್ ಕೊಡ್ತಾಳಾ ಅಂತ ನಗ್ತಾರಂತೆ.”

ಹೊಸ್ತಿಲಿನಿಂದ ಪ್ಲಂಬರ್ ಬಾಯಿ ಹಾಕಿದ. “ಅವನು ಹೇಳಿದ್ದು ಸರೀನೇ ಅಲ್ವಾ ಸಿಸ್ಟರ್? ಬಸ್ಸಿಗೂ ಆಸ್ಪತ್ರೆಗೂ ಎಲ್ಲಿಂದೆಲ್ಲಿಯ ಸಂಬಂಧ?”

“ಹಾಗಾದ್ರೆ ನೀನೇ ಹೇಳು. ಇವಳು ನರ್ಸಿಂಗ್ ಓದ್ತೀನಿ ಅಂದಿದ್ದು ಯಾಕೆ?”

ಅವನು ಚಾಕು ಪಕ್ಕಕ್ಕಿಟ್ಟ. “ಅದಾ? ಒಂದಿನ ಬಸ್ಸು ತುಂಬಿ ತುಳುಕ್ತಿತ್ತಂತೆ. ಹಿಂದಿನ ಸೀಟಲ್ಲಿ ಒಬ್ರು ದಬಕ್ಕನೆ ಬಿದ್ರು. ಜನ ಎಲ್ಲ ಮೇಲೆ ಮೇಲೆ ಬಿದ್ದು ನೋಡ್ತಿದ್ರು. ಇವಳು ಒಂದು ಕೂಗು ಹಾಕಿ ಎಲ್ರನ್ನೂ ಹಿಂದೆ ಸರಿಸಿದ್ಲು. ಕಿಟಕಿ ತೆಗೆಸಿದ್ಲು. ನಿಲ್ದಾಣ ಗಿಲ್ದಾಣ ಬೇಡ, ಸೀದಾ ಆಸ್ಪತ್ರೆಗೆ ಹೊಡಿ ಅಂತ ಡ್ರೈವರ್‌ಗೆ ಹೇಳಿದ್ಲು. ದಾರಿ ಪೂರ್ತಿ ಅವರ ಕೈ ಹಿಡ್ಕೊಂಡು ಮಾತಾಡಿಸ್ತಾನೇ ಇದ್ಲು. ಬದುಕಿದ್ರು ಸಿಸ್ಟರ್! ಆಮೇಲೆ ಡಿಪೋಗೆ ಹುಡುಕ್ಕೊಂಡು ಬಂದಿದ್ರು. ಅವತ್ತು ಮನೆಗೆ ಬಂದವಳೇ, ‘ರೀ, ನನಗೆ ಇನ್ನೂ ಕಲಿಬೇಕು’ ಅಂದ್ಲು.”

ಹೇಳುತ್ತಾ ಹೇಳುತ್ತಾ ಅವನ ಬೆನ್ನು ನೆಟ್ಟಗಾಗಿತ್ತು. ಕಂಡಕ್ಟರಮ್ಮ ನೆಲ ನೋಡುತ್ತಿದ್ದಳು.

“ಇದನ್ನ ಬರೀರಿ” ಎಂದೆ. “ಕುಡಿದು ಬಂದವರನ್ನ ಸಮಾಧಾನ ಮಾಡಿದ್ದು, ಬಸುರಿಗೆ ಸೀಟು ಬಿಡಿಸಿದ್ದು, ಹತ್ತೊಂಬತ್ತು ವರ್ಷ ಬೆಳಗಿನ ಪಾಳಿ, ರಾತ್ರಿ ಪಾಳಿ ನಿಂತೇ ದುಡಿದಿದ್ದು, ಎಲ್ಲಾ ಬರೀರಿ. ವಾರ್ಡಿನ ಅನುಭವ ಇಲ್ಲ, ನಿಜ. ಇಲ್ಲದ್ದನ್ನ ಇದೆ ಅನ್ನೋದು ಬೇಡ. ಆದ್ರೆ ಇರೋದನ್ನ ಯಾಕೆ ಬಚ್ಚಿಡಬೇಕು? ಖಾಲಿ ಜಾಗ ಕಂಡ್ರೆ ಓದುವವರು ತಮಗೆ ತೋಚಿದ್ದನ್ನ ತುಂಬಿಸ್ಕೋತಾರೆ.”

ಆಗ ಪ್ಲಂಬರ್ ಒಂದು ಪ್ರಶ್ನೆ ಕೇಳಿದ. ಅದು ನನ್ನನ್ನು ಇಕ್ಕಟ್ಟಿಗೆ ಸಿಕ್ಕಿಸಿತು.

“ಸಿಸ್ಟರ್, ಬೇಜಾರ್ ಮಾಡ್ಕೋಬೇಡಿ. ನೀವು ಆಸ್ಪತ್ರೇಲಿ ಕೆಲಸಕ್ಕೆ ಜನ ಆರಿಸೋ ಕುರ್ಚೀಲಿ ಇದ್ದಾಗ ಇಂಥವರು ಬಂದಿದ್ರೆ ಕೆಲಸ ಕೊಡ್ತಿದ್ರಾ?”

ಸುಳ್ಳು ಹೇಳಬಹುದಿತ್ತು. ಹೇಳಲಿಲ್ಲ.

“ಬಂದಿದ್ಲು ಒಬ್ಬಳು. ನಲವತ್ತೊಂದು ವರ್ಷ. ಚೆನ್ನಾಗಿ ಉತ್ತರ ಕೊಟ್ಟಳು. ನಾನು ಬೇಡ ಅಂದೆ. ಇವಳಿಗೆ ಕಾಲು ನೋವು ಬರುತ್ತೆ, ಹೇಳಿದ ಮಾತು ಕೇಳಲ್ಲ, ಹೊಸ ಮಿಷನ್ನು ಕಲಿಯಲ್ಲ ಅಂತ ಕೂತಲ್ಲೇ ತೀರ್ಮಾನ ಮಾಡ್ಬಿಟ್ಟೆ. ಒಂದನ್ನೂ ಕೇಳಿ ನೋಡಲಿಲ್ಲ. ಎರಡು ವರ್ಷ ಆದ್ಮೇಲೆ ಬಟ್ಟೆ ಅಂಗಡೀಲಿ ಸಿಕ್ಕಿದ್ಲು. ಹಾಸಿಗೆ ಹೊದಿಕೆ ಮಡಚಿ ಇಡ್ತಿದ್ಲು. ಆಸ್ಪತ್ರೆ ಮಂಚದ ಮೂಲೆ ಮಡಚೋಕೆ ನಾವು ಕಲಿಸ್ತೀವಲ್ಲ, ಥೇಟ್ ಹಾಗೇ. ನನಗೆ ಗುರುತು ಸಿಕ್ತು. ಮಾತಾಡಿಸೋಕೆ ಮುಖ ಇರಲಿಲ್ಲ.”

ಕಂಡಕ್ಟರಮ್ಮ ಎದ್ದು ನನ್ನ ಲೋಟಕ್ಕೆ ಬಿಸಿ ಚಹಾ ಸುರಿದಳು. ಒಳಗಿನ ಕೋಣೆಗೆ ಕೇಳುವಂತೆ ಮಗಳನ್ನು ಕರೆದಳು. “ಬಾರೇ, ಟೈಪ್ ಮಾಡಿಕೊಡು. ಮೊದಲಿಂದ ಬರೆಯೋಣ.”

ಸಂಜೆಯ ಹೊತ್ತಿಗೆ ಹೊಸ ಅರ್ಜಿ ತಯಾರಾಯಿತು. ಫೈಲಿನ ತಳದಲ್ಲಿದ್ದ ನರ್ಸಿಂಗ್ ನೋಂದಣಿ ಪತ್ರ ಎಲ್ಲಕ್ಕಿಂತ ಮೇಲೆ ಬಂತು. ಪ್ಲಂಬರ್ ಇನ್ನೂ ಪೂರ್ತಿ ಒಪ್ಪಿರಲಿಲ್ಲ. ನನ್ನನ್ನು ಬಾಗಿಲತನಕ ಬಿಡಲು ಬಂದವನು ಮೆಲ್ಲಗೆ ಕೇಳಿದ: “ಹದಿನೈದನೇ ಸಲಾನೂ ಹೀಗೇ ಆದ್ರೆ?”

“ಆದ್ರೆ, ಯಾಕೆ ಬೇಡ ಅಂತ ಕೇಳ್ಕೊಂಡು ಬರೋಕೆ ಹೇಳು. ತಲೆ ತಗ್ಗಿಸ್ಕೊಂಡು ಬರೋದಲ್ಲ.”

ಹದಿನೈದನೇ ಸಲವೂ ಕೆಲಸ ಸಿಗಲಿಲ್ಲ. ಆದರೆ ಅವಳು ನೇರ ನನ್ನ ಮನೆಗೆ ಬಂದಳು. ಮುಖ ಬೇರೆಯೇ ಆಗಿತ್ತು.

“ಕೇಳಿದೆ ಅಕ್ಕಾ! ಯಾಕೆ ಬೇಡ ಅಂತ ಹೇಳಿ ಮೇಡಂ, ತಿದ್ಕೋತೀನಿ ಅಂದೆ. ಗ್ಲೂಕೋಸಿಗೆ ಸೂಜಿ ಹಾಕೋದು ನಿಧಾನ, ಕೈ ನಡುಗುತ್ತೆ, ಅಭ್ಯಾಸ ತಪ್ಪಿದೆ ಅಂದ್ರು.”

“ಅದಕ್ಕೆ ಇಷ್ಟು ಖುಷಿಯಾ?”

“ಮತ್ತೆ? ವಯಸ್ಸನ್ನ ನಾನು ಕಮ್ಮಿ ಮಾಡ್ಕೊಳೋಕಾಗಲ್ಲ. ಸೂಜಿ ಹಾಕೋದನ್ನ ಕಲೀಬಹುದಲ್ಲ!”

ಅವಳ ಮಾತು ಸರಿಯಾಗಿತ್ತು. ಹತ್ತು ತಿಂಗಳು ಕೈಗೆ ಕೆಲಸವಿಲ್ಲದಿದ್ದರೆ ಯಾರ ಕೈಯಾದರೂ ಮರೆಯುತ್ತದೆ. ಇಪ್ಪತ್ತೆರಡರ ಹುಡುಗಿಯ ಕೈ ಕೂಡ. ಅವಳು ತಾನು ಓದಿದ ಕಾಲೇಜಿಗೆ ಹೋಗಿ, ವಾರಕ್ಕೆ ಎರಡು ದಿನ ಅಭ್ಯಾಸದ ಕೋಣೆಯಲ್ಲಿ ಕಲಿಯಲು ಬಿಡಿ ಎಂದು ಕೇಳಿದಳು. ಪ್ರಿನ್ಸಿಪಾಲರು ಒಪ್ಪಿದರು. ಅಲ್ಲಿ ರಬ್ಬರಿನ ಕೈಗೆ ಸೂಜಿ ಹಾಕುವುದು. ಮನೆಯಲ್ಲಿ ಬಿ.ಪಿ. ನೋಡಲು ಪ್ಲಂಬರನ ಕೈ.

ಒಂದು ಸಂಜೆ ನಾನು ಹೋದಾಗ ಅವನು ಅಂಗಿಯ ತೋಳು ಮಡಚಿ ಕುರ್ಚಿಯಲ್ಲಿ ಕೂತಿದ್ದ. ಪಟ್ಟಿ ಸುತ್ತುತ್ತಾ ಅವಳು ಹೇಳುತ್ತಿದ್ದಳು: “ಯಜಮಾನ್ರೇ, ಕೈ ಸಡಿಲ ಬಿಡಿ. ಹೆದರ್ಕೋಬೇಡಿ, ಸ್ವಲ್ಪ ಬಿಗಿ ಅನ್ಸುತ್ತೆ ಅಷ್ಟೇ. ಮಾತಾಡ್ಬೇಡಿ.”

“ಇಪ್ಪತ್ತಮೂರು ವರ್ಷದಲ್ಲಿ ಇಷ್ಟು ಮೆತ್ತಗೆ ಮಾತಾಡಿಸಿದ್ದು ಇದೇ ಮೊದಲು ಸಿಸ್ಟರ್” ಎಂದ ಅವನು.

“ಮಾತಾಡ್ಬೇಡಿ ಅಂದೆ!” ಎಂದು ಕಂಡಕ್ಟರ್ ಗಂಟಲಿನಲ್ಲಿ ಗದರಿದಳು. ಮೂವರೂ ನಕ್ಕೆವು. ಪಟ್ಟಿ ಬಿಚ್ಚಿದ ಮೇಲೂ ಅವನು ಕೈ ಎಳೆದುಕೊಳ್ಳಲಿಲ್ಲ. “ಇನ್ನೊಂದ್ಸಲ ನೋಡು. ಅಭ್ಯಾಸ ಆಗ್ಲಿ” ಎಂದ. ಅವನ ಅನುಮಾನ ಹೋಗಿದೆ ಎಂದು ನನಗೆ ಅಂದೇ ಗೊತ್ತಾಯಿತು.

ದೊಡ್ಡ ಆಸ್ಪತ್ರೆಗಳ ಬಾಗಿಲನ್ನೇ ತಟ್ಟುತ್ತಾ ಕೂರಬೇಡ ಎಂದೂ ನಾನು ಹೇಳಿದ್ದೆ. ಡಯಾಲಿಸಿಸ್ ಮಾಡುವ ಕಡೆ, ವೃದ್ಧರನ್ನು ನೋಡಿಕೊಳ್ಳುವ ಕಡೆ, ಮನೆಗೇ ಹೋಗಿ ಆರೈಕೆ ಮಾಡುವ ಸಂಸ್ಥೆಗಳಲ್ಲಿ ಒಂದೇ ರೋಗಿಯನ್ನು ತಿಂಗಳುಗಟ್ಟಲೆ, ವರ್ಷಗಟ್ಟಲೆ ನೋಡುವವರು ಬೇಕು. ನೆಲೆ ನಿಲ್ಲುವವರು ಬೇಕು. ಮೂತ್ರಪಿಂಡ ಕೆಟ್ಟವರ ರಕ್ತವನ್ನು ವಾರಕ್ಕೆ ಎರಡು ಮೂರು ಸಲ ಯಂತ್ರದಲ್ಲಿ ಶುದ್ಧ ಮಾಡುವ ನಲವತ್ತು ಹಾಸಿಗೆಯ ಒಂದು ಸಣ್ಣ ಆಸ್ಪತ್ರೆಗೆ ಅವಳು ಅರ್ಜಿ ಹಾಕಿದಳು. ನನ್ನ ಶಿಫಾರಸು ಬೇಡ ಎಂದಳು. ನನಗೂ ಅದೇ ಸರಿ ಕಂಡಿತು.

ಅಲ್ಲಿನ ಹೆಡ್ ನರ್ಸಿಗೆ ಮೂವತ್ತೊಂದು ವರ್ಷ. ಅರ್ಜಿಯನ್ನು ಎರಡು ಸಲ ಓದಿ ಕೇಳಿದಳಂತೆ: “ನೀವು ನನಗಿಂತ ಎಷ್ಟೋ ದೊಡ್ಡವರು. ನಾನು ತಪ್ಪು ಅಂತ ಹೇಳಿದ್ರೆ ಬೇಜಾರಾಗಲ್ವಾ?”

ಇವಳು ಹೇಳಿದ್ದು ಇಷ್ಟು: “ಆಗುತ್ತೆ ಮೇಡಂ, ಸುಳ್ಳು ಯಾಕೆ ಹೇಳಲಿ. ಆದ್ರೆ ನನ್ನ ಬೇಜಾರಿಗಿಂತ ರೋಗಿ ದೊಡ್ಡವರು. ನನಗಿಂತ ಹದಿನೈದು ವರ್ಷ ಚಿಕ್ಕ ಡ್ರೈವರ್ ಜೊತೆ ಡ್ಯೂಟಿ ಮಾಡಿದ್ದೀನಿ. ಬಸ್ಸಿನ ವಿಷಯದಲ್ಲಿ ಅವನ ಮಾತೇ ಕೊನೆ. ಇಲ್ಲಿ ನಿಮ್ಮ ಮಾತೇ ಕೊನೆ. ಬರದೇ ಇರೋದನ್ನ ಬರಲ್ಲ ಅಂತೀನಿ. ಒಂದ್ಸಲ ತೋರಿಸಿದ್ರೆ ಬರ್ಕೊಂಡು ಕಲೀತೀನಿ.”

ಹೆಡ್ ನರ್ಸ್ ಸೂಜಿ ಹಾಕಿ ತೋರಿಸಲು ಹೇಳಿದಳು. ಇವಳು ರಬ್ಬರಿನ ಕೈಗೆ ಮೊದಲ ಸಲಕ್ಕೇ ಸರಿಯಾಗಿ ಹಾಕಿದಳು. ಮೂರು ತಿಂಗಳು ಹಿರಿಯ ನರ್ಸೊಬ್ಬರ ಜೊತೆಯಲ್ಲಿ ಕಲಿಕೆ, ಮೊದಲ ದಿನದಿಂದಲೇ ಸಂಬಳ ಎಂದು ಕಾಗದದ ಮೇಲೆ ಬರೆದುಕೊಟ್ಟರು. ಅದನ್ನು ಕೇಳಿ ಪಡೆಯುವುದನ್ನು ಅವಳು ಮರೆಯಲಿಲ್ಲ.

ಮೊದಲ ಡ್ಯೂಟಿಯ ಬೆಳಿಗ್ಗೆ ಪ್ಲಂಬರ್ ತನ್ನ ಸ್ಕೂಟರಿನ ಹಿಂದಿನ ಪೈಪು, ಸ್ಪ್ಯಾನರು ಎಲ್ಲ ಇಳಿಸಿ, ಸೀಟು ಒರೆಸಿ ಅವಳನ್ನು ಕೂರಿಸಿಕೊಂಡು ಹೋದ. ಆಸ್ಪತ್ರೆಯ ಗೇಟಿನಲ್ಲಿ ಇಳಿಸಿದ ಮೇಲೆ “ನೀರು ಕುಡೀತಿರು” ಎಂದನಂತೆ.

ಈಗ ಒಂದು ವರ್ಷ ದಾಟಿದೆ. ನಿವೃತ್ತ ಮೇಷ್ಟ್ರೊಬ್ಬರು ಅಲ್ಲಿಗೆ ವಾರಕ್ಕೆ ಮೂರು ಸಲ ಬರುತ್ತಾರೆ. ಒಂದು ದಿನ ಅವರು ಸರದಿಗೆ ಬರಲಿಲ್ಲ. ಇವಳು ಫೋನು ಮಾಡಿದಳು. “ಸಾಕಾಗಿದೆ ತಾಯಿ, ಇವತ್ತು ಬಿಡಿ” ಎಂದರು. “ಬಿಡೋಕಾಗಲ್ಲ ಮೇಷ್ಟ್ರೇ. ಒಂದು ಸಲ ತಪ್ಪಿಸಿದ್ರೂ ಮೈಯಲ್ಲಿ ನೀರು ತುಂಬ್ಕೊಳುತ್ತೆ. ನಾನು ಕಾಯ್ತಿದ್ದೀನಿ, ಬನ್ನಿ” ಎಂದಳು. ಮಧ್ಯಾಹ್ನ ಮಗನ ಕೈ ಹಿಡಿದು ಬಂದರು. ಯಂತ್ರ ನಡೆಯುವ ನಾಲ್ಕು ಗಂಟೆಯೂ ಅವಳು ಹೋಗಿ ಬಂದು ಅವರನ್ನು ಮಾತಾಡಿಸುತ್ತಿದ್ದಳು. “ನಿಮ್ಮಲ್ಲಿ ಸೂಜಿ ಚುಚ್ಚೋರು ಬಹಳ ಜನ ಇದ್ದಾರೆ. ಬರಲಿಲ್ಲ ಅಂತ ಗಮನಿಸಿದ್ದು ಇವರು” ಎಂದು ಮೇಷ್ಟ್ರು ಹೆಡ್ ನರ್ಸಿಗೆ ಹೇಳಿದರಂತೆ. ಆ ಹೆಡ್ ನರ್ಸ್ ಈಗ ಅರ್ಜಿಗಳಲ್ಲಿ ಹುಟ್ಟಿದ ವರ್ಷವನ್ನು ಕೊನೆಗೆ ಓದುತ್ತಾಳೆ.

ಇದನ್ನು ಓದುತ್ತಿರುವ, ಕೇಳುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಲವತ್ತು ದಾಟಿ ನರ್ಸಿಂಗ್ ಮುಗಿಸಿದ್ದೀರಾ? ನೀವು ದುಡಿದ ವರ್ಷಗಳನ್ನು ಅಳಿಸಬೇಡಿ, ಬರೆಯಿರಿ. ನೋಂದಣಿಯ ಅವಧಿ ಮುಗಿಯದಂತೆ ನೋಡಿಕೊಳ್ಳಿ. ಕೆಲಸ ಸಿಗುವವರೆಗೂ ಕೈಯ ಅಭ್ಯಾಸ ಬಿಡಬೇಡಿ. ಬೇಡ ಎಂದವರನ್ನು ಕಾರಣ ಕೇಳಿ, ಕೇಳುವುದು ನಿಮ್ಮ ಹಕ್ಕು.

ಆಸ್ಪತ್ರೆ ನಡೆಸುವವರೇ, ಕಾಲು ನೋಯುತ್ತದೆಯೋ, ಹೊಸದು ಕಲಿಯುತ್ತಾರೋ ಎಂದು ನೀವೇ ಊಹಿಸಿಕೊಂಡು ಕೂರಬೇಡಿ. ಕರೆದು ಕೇಳಿ, ಕೆಲಸ ಕೊಟ್ಟು ನೋಡಿ.

ಇನ್ನು ಮನೆಯವರಿಗೆ, ನೆರೆಯವರಿಗೆ. ನಿಮ್ಮ ಬೀದಿಯಲ್ಲೂ ಇಂಥ ಒಬ್ಬರು ಇದ್ದೇ ಇರುತ್ತಾರೆ. ಇವತ್ತು ಸಂಜೆ ಅವರ ಮನೆಗೆ ಹೋಗಿ. ‘ಇನ್ನೂ ಕೆಲಸ ಸಿಗಲಿಲ್ವಾ?’ ಎಂದು ಮಾತ್ರ ಕೇಳಬೇಡಿ. ‘ಅರ್ಜಿ ತೆಗಿ, ಇಬ್ಬರೂ ಕೂತು ಓದೋಣ’ ಅನ್ನಿ.