ಸಣ್ಣಪುಟ್ಟ ತಿದ್ದುಪಡಿ

ಪಂಬುದಿ ಅಂದು ಸಭೆಗೆ ಬಂದದ್ದೇ ಜಗಳಕ್ಕೆ. ಯೋಗ್ಯಕರ್ತ ನಗರದ ಜೆರಾಕ್ಸ್ ಅಂಗಡಿಯೊಂದರ ಮಹಡಿಯಲ್ಲಿ ತಿಂಗಳಿಗೊಮ್ಮೆ ಸೇರುವ ಹದಿನೈದು ಮಂದಿ ಮುಕ್ತ ತಂತ್ರಾಂಶ ಕಟ್ಟಿ, ಸಣ್ಣ ಊರುಗಳ ಆಸ್ಪತ್ರೆ, ಶಾಲೆಗಳಿಗೆ ಬಿಟ್ಟಿಯಾಗಿ ಹಂಚುತ್ತಿದ್ದರು. ಅದರ ಒಂದೊಂದು ಭಾಗವನ್ನು, ಅಂದರೆ ಪ್ಯಾಕೇಜನ್ನು, ಒಬ್ಬೊಬ್ಬರು ನೋಡಿಕೊಳ್ಳುವುದು ವಾಡಿಕೆ. ಹಳೇ ಪ್ರಿಂಟರುಗಳನ್ನು ಓಡಿಸುವ ಪ್ಯಾಕೇಜು ಹನ್ನೊಂದು ವರ್ಷದಿಂದ ಪಂಬುದಿಯದು. ಇನ್ನೊಬ್ಬರು ಅದನ್ನು ಮುಟ್ಟಿದರೆ ಅವನ ಮೈ ಉರಿಯುತ್ತಿತ್ತು.

ಮುಟ್ಟಿದವಳು ವೆನಿಂಗ್. ಹೋದ ತಿಂಗಳು ಅದರ ಕೋಡಿನಲ್ಲಿದ್ದ ಒಂದು ಸಾಲನ್ನು ಕಿತ್ತುಹಾಕಿದ್ದಳು. ಪ್ರಿಂಟರಿಗೆ, ನೋಡಿದರೆ ಅರ್ಥವೇ ಇಲ್ಲವೆನಿಸುವ ಯಾವುದೋ ಸಂಖ್ಯೆ ಕಳಿಸುವ ಸಾಲು. ಮರುವಾರವೇ ಆಸ್ಪತ್ರೆಗಳ ಔಷಧಿ ಚೀಟಿಗಳಲ್ಲಿ ರೋಗಿಯ ಹೆಸರೇ ಅಚ್ಚಾಗದೆ ಹೋಯಿತು. ಒಬ್ಬರ ಮಾತ್ರೆ ಇನ್ನೊಬ್ಬರ ಕೈ ಸೇರಿತು. ನರ್ಸ್ ನೋಡಿದ್ದರಿಂದ ಬಚಾವಾಯಿತು.

"ಬು ಕುಸ್ತಿಯಾ, ಇವಳಿಗೆ ಇನ್ಮೇಲೆ ಒಂದು ಪ್ಯಾಕೇಜೂ ಕೊಡ್ಬೇಡಿ," ಎಂದು ಪಂಬುದಿ, ಎಲ್ಲರೂ ಬು ಅಂದರೆ ಅಮ್ಮ ಎಂದು ಕರೆಯುವ, ಸಭೆ ನಡೆಸುವ ಹಿರಿಯಾಕೆಯ ಮುಂದೆ ಗುಡುಗಿದ. "ಕಂಡೋರ ಅಡುಗೆಮನೇಗೆ ನುಗ್ಗೋ ಜಾತಿ ಇದು."

ವೆನಿಂಗ್ ಎದ್ದು ನಿಂತಳು. ಸಿಟ್ಟು ಬಂದಷ್ಟೂ ಅವಳ ಮಾತಿನಲ್ಲಿ ಮರ್ಯಾದೆ ಹೆಚ್ಚುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು.

"ತಪ್ಪು ನಂದು ಮಾಸ್ ಪಂಬುದಿಯವರೇ. ಆದ್ರೆ 'ಮಾಸ್, ಅಣ್ಣಾ, ಈ ಸಾಲು ಯಾಕೆ' ಅಂತ ನಿಮಗೆ ಮೂರು ಸಲ ಬರೆದು ಕೇಳಿದ್ದೆ."

"ಆಗ ನಾನೇ ಆಸ್ಪತ್ರೇಲಿ ಮಲಗಿದ್ದೆ ಕಣೇ!"

"ಅದಕ್ಕೇ ಅಲ್ವಾ ಯಾಕೆ ಬದಲಾಯಿಸಿದ್ವಿ ಅಂತ ಬರೆದಿಡೋದು? ಕೇಳೋಕೆ ನೀವು ಸಿಗದಾಗ ಓದೋಕೆ ಅಂತ."

ಅವಳು ಪ್ಯಾಕೇಜಿನ ಬದಲಾವಣೆಗಳ ಪಟ್ಟಿ ತೆರೆದು ಓದತೊಡಗಿದಳು. ಪಂಬುದಿ ಅದರಲ್ಲಿ ನಲವತ್ಮೂರು ಸಲ ಕೈಯಾಡಿಸಿದ್ದ. ನಲವತ್ಮೂರು ಸಲವೂ ಬರೆದದ್ದು ಒಂದೇ, 'ಸಣ್ಣಪುಟ್ಟ ತಿದ್ದುಪಡಿ'. ಹತ್ತನೆಯದಕ್ಕೆ ಯಾರೋ ಕಿಸಕ್ಕೆಂದರು. ಅವಳು ಒಂದನ್ನೂ ಬಿಡದೆ ಓದಿದಳು. ಪಂಬುದಿಯ ಕಿವಿ ಕೆಂಪಗಾಯಿತು.

"ಈಗ ಹೇಳಿ. ಆ ಸಾಲು ಯಾಕೆ ಹಾಕಿದ್ರಿ? ಹೇಳಿದ್ರೆ ಈಗ್ಲೇ ಎಲ್ಲಾ ಬಿಟ್ಟು ಹೋಗ್ತೀನಿ."

ಪಂಬುದಿ ಬಾಯಿ ತೆರೆದ. ಆ ಸಾಲು ಹಾಕಿದ ಮಧ್ಯಾಹ್ನದ ಸೆಕೆ ನೆನಪಿತ್ತು, ತಟ್ಟೆಯಲ್ಲಿ ತಣ್ಣಗಾದ ತೆಂಪೆ ಎಂಬ ಸೋಯಾ ತಿಂಡಿ ನೆನಪಿತ್ತು, ಚೀಟಿ ಸರಿಯಾಗಿ ಹೊರಬಂದಾಗ ಒಬ್ಬನೇ ಚಪ್ಪಾಳೆ ತಟ್ಟಿದ್ದೂ ನೆನಪಿತ್ತು. ಕಾರಣ ಮಾತ್ರ ನೆನಪಾಗಲಿಲ್ಲ. ಅವನಿಗೆ ಹೆದರಿಕೆಯಾಯಿತು.

"ಹಾಕಿದ್ರೆ ಕೆಲ್ಸ ಮಾಡ್ತಿತ್ತು," ಎಂದ.

"ಅಷ್ಟು ಈಗ ಆಸ್ಪತ್ರೆಯವರಿಗೂ ಗೊತ್ತು ಬಿಡಿ."

ಬು ಕುಸ್ತಿಯಾ ಚಹಾದ ಲೋಟ ಕೆಳಗಿಟ್ಟರು. "ಸಾಕು. ವೆನಿಂಗ್, ಸಾಲು ವಾಪಸ್ ಹಾಕು. ಇವತ್ತಿಂದ ಈ ಪ್ಯಾಕೇಜು ನಿಮ್ಮಿಬ್ಬರದೂ. ಯಾಕೆ ಅಂತ ಬರೀದೆ ಒಂದಕ್ಷರನೂ ಹೊರಗೆ ಹೋಗ್ಕೂಡದು."

ವೆನಿಂಗ್ ಅಲ್ಲೇ ಕೂತು ಬರೆದಳು. ಪಂಬುದಿ ಅವಳ ಹಿಂದೆ ನಿಂತು ಓದಿದ: 'ತೆಗೆದ ಸಾಲನ್ನು ಮರಳಿ ಹಾಕಿದೆ. ತೆಗೆದದ್ದು ನನ್ನ ತಪ್ಪು. ಇದು ಯಾಕೆ ಬೇಕೋ ತಿಳಿಯದು. ಹಾಕಿದವರನ್ನೇ ಕೇಳಿದೆ, ಅವರಿಗೂ ತಿಳಿಯದು.'

ಪ್ಯಾಕೇಜು ಹೋದ ಕಂಪ್ಯೂಟರಿಗೆಲ್ಲ ಈ ಮಾತೂ ಹೋಗುತ್ತದೆ.

"ಆ ಕೊನೇ ಮಾತು ತೆಗಿ," ಎಂದ ಪಂಬುದಿ. ದನಿ ಇಳಿದುಹೋಗಿತ್ತು.

"ತೆಗೀತೀನಿ ಮಾಸ್," ಎಂದಳು ವೆನಿಂಗ್, ತಿರುಗಿಯೂ ನೋಡದೆ. "ತೆಗೆದಿದ್ದು ಯಾಕೆ ಅಂತ ಏನು ಬರೀಲಿ?"