ಕೊಳವೆಯೊಳಗಿನ ಉಣ್ಣೆ ಎಳೆ

ಕಾರ್ತೀಕ ಮಾಸ. ಚಿಗಟೇರಿಯ ಹೊಲಗಳಲ್ಲಿ ಮೆಕ್ಕೆಜೋಳ ಮುರಿದಾಗಿತ್ತು. ದೊಡ್ಡಬೀರಪ್ಪನ ಕುರಿರೊಪ್ಪದಲ್ಲಿ ಬೆಳಗಿನಿಂದ ಉಣ್ಣೆ ಕತ್ತರಿಸುವ ಕೆಲಸ ನಡೆದಿತ್ತು. ಹೋದ ತಿಂಗಳು ಯರ್ರೆಪ್ಪನ ಕುರಿಗಳಿಗೆ ಅವನು ಒಂದು ದಿನ ಕತ್ತರಿ ಹಿಡಿದಿದ್ದ. ಆ ಮುಯ್ಯಿ ತೀರಿಸಬೇಕಾದ ಯರ್ರೆಪ್ಪ ಕೈ ಮುರಿದುಕೊಂಡು ಕೂತಿದ್ದರಿಂದ, ಮಗಳು ಚಂದನಾ ದಾವಣಗೆರೆಯ ಲ್ಯಾಬಿನಿಂದ ಬಂದು ಅಪ್ಪನ ಬದಲು ದುಡಿಯುತ್ತಿದ್ದಳು. ತಾಯಿ ಪಾಲಮ್ಮ ಪಕ್ಕದಲ್ಲಿ ಉಣ್ಣೆ ಆಯುತ್ತಿದ್ದಳು.

"ಲೇ ಚಂದನಾ, ಆ ಲ್ಯಾಬಿನ್ಯಾಗ ಏನ್ ಮಾಡ್ತಿ? ಔಷಧಿನಾ?" ದೊಡ್ಡಬೀರಪ್ಪ ಕೇಳಿದ.

"ಅಲ್ಲ ಮಾವ. ಕುರಿ, ಮನುಷ್ಯ, ಗಿಡ, ಎಲ್ಲಾದರ ಒಳಗೂ ಕಣ್ಣಿಗೆ ಕಾಣದ ಒಂದು ಮಣಿ ಸರ ಐತಿ. ತಾಯಿ ಗುಣ ಮರಿಗೆ ಬರೋದು ಅದರಿಂದ. ಭೂಮಿ ಮ್ಯಾಲೆ ಜೀವಾನ ಇಲ್ದಾಗ ಆ ಮಣಿ ಪೋಣಿಸಿದ್ದು ಯಾರು ಅಂತ ಹುಡುಕ್ತೀನಿ."

"ಬೀರಪ್ಪ ದ್ಯಾವ್ರು."

"ಇರಬೌದು. ಹೆಂಗ್ ಪೋಣಿಸ್ಯಾನ ಅಂತ ಕೇಳಾಕತ್ತೀನಿ."

ಬಿಸಿಬಂಡೆಯ ಮೇಲಿನ ನೀರು ಒಣಗಿ, ಮಳೆಗೆ ನೆನೆದು, ಮತ್ತೆ ಒಣಗುವಾಗ ಮಣಿಗಳು ತಾವಾಗಿ ಕೂಡಿಕೊಂಡಿರಬಹುದೆಂದು ಕೆಲವು ವಿಜ್ಞಾನಿಗಳ ಊಹೆ. ಚಂದನಾ ಹನ್ನೆರಡು ದಿನ ಗಾಜಿನ ಕೊಳವೆಗಳಲ್ಲಿ ಅದನ್ನೇ ಮಾಡಿದ್ದಳು: ಕಾಯಿಸಿ ಒಣಗಿಸುವುದು, ಮುಚ್ಚಳ ತೆಗೆದು ನೀರು ಹನಿಸುವುದು. ಒಂದು ಕೊಳವೆಯಲ್ಲಿ ಯಾರೂ ನಿರೀಕ್ಷಿಸದಷ್ಟು ಉದ್ದದ ಸರ ಸಿಕ್ಕಿತ್ತು. ನಾಳೆ ಮಾರ್ಗದರ್ಶಕ ಅರುಣಕುಮಾರ್ ಅದನ್ನು ಸಭೆಯಲ್ಲಿ ಹೇಳುವವರಿದ್ದರು, ಅವಳ ಹೆಸರಿನಲ್ಲೇ.

ದೊಡ್ಡಬೀರಪ್ಪನ ಹೆಂಡತಿ ಎರ್ರೆಮ್ಮ ಚಹಾ ತಂದಳು. ಲೋಟದಲ್ಲಿ ಕರಿ ಉಣ್ಣೆಯ ಎಳೆಯೊಂದು ತೇಲಿತು.

"ಕುಡಿಯವ್ವ, ಕುರಿ ಮನ್ಯಾಗ ಹುಟ್ಟಿದಾಕಿಗೆ ಉಣ್ಣಿ ಹೊಸದೇನು?"

ಎಳೆ ತೆಗೆಯಹೋದ ಚಂದನಾಳ ಬೆರಳು ನಿಂತಿತು. ಲ್ಯಾಬಿನಲ್ಲಿ ಕರೆಂಟು ಹೋದ ದಿನ, ಅವ್ವ ಚಳಿಗಾಲದಲ್ಲಿ ಹೆಪ್ಪು ಹಾಕಿದ ಗಡಿಗೆಯನ್ನು ಸುತ್ತುವಂತೆ, ಅವಳು ಬಿಸಿ ಆರದಿರಲೆಂದು ಕೊಳವೆಗಳ ಪೆಟ್ಟಿಗೆಯನ್ನು ಅವ್ವನ ಕಂಬಳಿಯಲ್ಲಿ ಸುತ್ತಿದ್ದಳು. ಮರಳಿ ಊರಿಗೆ ತಂದು, ಈಗ ಗೂಟಕ್ಕೆ ನೇತುಹಾಕಿದ್ದ ಇದೇ ಕಂಬಳಿ. ಮರುದಿನ ಒಂದು ಕೊಳವೆಯಲ್ಲಿ ಇಂಥದೇ ಎಳೆ ಕಂಡಿತ್ತು. ಚಿಮಟದಿಂದ ತೆಗೆದು ಮರೆತಿದ್ದಳು. ಉದ್ದನೆಯ ಸರ ಸಿಕ್ಕಿದ್ದು ಅದೇ ಕೊಳವೆಯಲ್ಲಿ! ಜೀವಕ್ಕೂ ಮೊದಲಿನದೆಂದು ತಾನು ಹಿಗ್ಗಿದ್ದ ಸರ ಬರೀ ಕುರಿಯದೋ, ಎಳೆಗಂಟಿದ ಸೂಕ್ಷ್ಮಜೀವಿಗಳದೋ ಇರಬಹುದು.

ಕತ್ತರಿ ಕೆಳಗಿಟ್ಟು ಫೋನ್ ಮಾಡಿದಳು.

"ಸರ್, ನಾಳೆ ಹೇಳಬ್ಯಾಡ್ರಿ." ನಡೆದದ್ದನ್ನೆಲ್ಲ ಹೇಳಿದಳು.

ಆ ಕಡೆ ಅರುಣಕುಮಾರ್ ಅವಳ ನೋಟ್‌ಬುಕ್ ತಿರುವಿದರು. "ಎಳೆ ಬಿದ್ದಿದ್ದನ್ನ ನೋಟ್‌ಬುಕ್ಕಿನಲ್ಲಿ ಬರೆದಿಲ್ಲ ಅಲ್ರೀ ನೀವು?"

"ಬರ್ದಿಲ್ಲ ಸರ್. ತಪ್ಪು ನಂದು. ನಾಳಿಂದ ಮತ್ತೆ ಮೊದಲಿಂದ ಮಾಡ್ತೀನ್ರಿ. ಒಂದು ಕೊಳವೀಗೆ ಮಣಿ ಹಾಕದ ಬರೀ ನೀರು, ಈ ಕಂಬಳಿ ಎಳಿ. ಅದರಾಗೂ ಸರ ಸಿಕ್ರೆ ಅದು ಎಳೀದೇ ಅಂತ ಗೊತ್ತಾಕೈತಿ."

"ಹನ್ನೆರಡು ದಿನ ಹೋದ್ವು," ಎಂದರು ಅವರು. ಆಮೇಲೆ, "ಆಗ್ಲಿ, ನಾಳೆ ಹೇಳಲ್ಲ. ಬರ್ರಿ."

ಪಾಲಮ್ಮ ಕೆರಳಿದಳು. "ನನ್ನ ಕಂಬಳಿಗೇನಾಗೈತಿ?"

"ಕಂಬಳಿ ಛಲೋ ಐತವ್ವ. ಅದರಾಗ ಜೀವ ಭಾಳ ಐತಿ, ಅಷ್ಟ."

"ನೀ ಬಸ್ಸಿಗೆ ಹೋಗು," ಎಂದ ದೊಡ್ಡಬೀರಪ್ಪ. "ಉಳಿದ ಒಂಬತ್ತು ಕುರಿ ನಾ ನೋಡ್ಕೊಂತೀನಿ."

"ಒಂಬತ್ತು ಬಿಟ್ಟು ಹೋದ್ರ ಅದ್ಯಾವ ಮುಯ್ಯಿ ಮಾವ? ಸಂಜಿ ಬಸ್ಸಿಗೆ ಹೋಗ್ತೀನಿ." ಅವಳು ಮತ್ತೆ ಕತ್ತರಿ ಹಿಡಿದಳು.

ಕೊನೆಯ ಕುರಿ ಕೈಬಿಡಿಸಿಕೊಂಡು ಓಡಿದಾಗ ಬಿಸಿಲು ಇಳಿದಿತ್ತು. ಚಂದನಾ ಕಂಬಳಿಯ ಅಂಚಿನಿಂದ ಒಂದು ಎಳೆ ಕಿತ್ತು, ಕಾಗದದಲ್ಲಿ ಮಡಚಿ ಚೀಲಕ್ಕೆ ಹಾಕಿದಳು. ಕಂಬಳಿಯನ್ನು ಅವ್ವನ ಹೆಗಲಿಗೇರಿಸಿದಳು.

"ನಿಮ್ಮಪ್ಪಗ ಹೇಳು," ಎಂದ ದೊಡ್ಡಬೀರಪ್ಪ, "ಮುಯ್ಯಿ ತೀರ್ತು ಅಂತ."