ಅತ್ತೆ ನೋಡದ ಪೋರ್ಟು

ಕ್ಯಾನ್ಸರ್ ಬಂದವಳ ಮುಂದೆ ಎಲ್ಲರೂ ಪಿಸುಗುಟ್ಟುತ್ತಾರೆ. ಅದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ. ಕ್ಯಾನ್ಸರ್ ಬಂದದ್ದು ಎದೆಗೆ ಮಾರಾಯ್ರೆ, ಕಿವಿಗಲ್ಲ! ಡೊಂಬಿವಲಿಯ ನಮ್ಮ ಹೋಟೆಲಿನ ಗಲ್ಲಾದಲ್ಲಿ ಅರ್ಧ ಆಯುಷ್ಯ ಕೂತವಳು ಈ ಪುಷ್ಪಾವತಿ. ಮೂಲೆಯ ಟೇಬಲಿನಲ್ಲಿ ಯಾರಾದರೂ ಚಟ್ನಿ ಸರಿಯಿಲ್ಲವೆಂದು ಗೊಣಗಿದರೂ ನನಗೆ ಕೇಳಿಸುತ್ತದೆ.

ಮೊದಲೆರಡು ಸಲ ಕೀಮೋ ಔಷಧಿಯನ್ನು ಕೈಯ ನರಕ್ಕೇ ಕೊಟ್ಟರು. ನರಗಳು ಕಪ್ಪಾಗಿ ಹುರಿಯ ಹಾಗೆ ಗಟ್ಟಿಯಾದವು. ಮೂರನೆಯ ಸಲ ಸೂಜಿ ಹಾಕಲು ಜಾಗವೇ ಸಿಗಲಿಲ್ಲ. ಆಗ ಠಾಣೆ ಊರಿನ ಆಸ್ಪತ್ರೆಯ ಡಾಕ್ಟರ್ ನಿಕಿತಾ ಪೋರ್ಟ್ ಹಾಕೋಣ ಎಂದರು. ಬಲಗಡೆ, ಕೊರಳ ಮೂಳೆಯ ಕೆಳಗೆ, ಚರ್ಮದ ಅಡಿಯಲ್ಲಿ ಹತ್ತು ರೂಪಾಯಿ ನಾಣ್ಯದಷ್ಟು ಅಗಲದ ಒಂದು ಡಬ್ಬಿ. ಅದರಿಂದ ಹೊರಟ ಸಪೂರ ನಳಿಕೆ ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹೋಗುತ್ತದೆ. ಡಬ್ಬಿಗೆ ಸೂಜಿ ಚುಚ್ಚಿದರೆ ಔಷಧಿ ಸೀದಾ ಒಳಗೆ.

"ಅದು ಒಳಗೇ ಜಾರಿ ಹೋದ್ರೆ ಎಂತ ಮಾಡುವುದು?" ಎಂದು ನನ್ನ ಗಂಡ ಕುಶಲ ಕೇಳಿದರು. ಸೂಜಿಯ ಚಿತ್ರ ನೋಡಿದರೂ ತಲೆ ತಿರುಗುವ ಮನುಷ್ಯ ಅವರು.

ಡಾಕ್ಟರ್ ನಕ್ಕುಬಿಟ್ಟರು. ಹೊಲಿಗೆ ಹಾಕಿರುತ್ತೇವೆ, ಎಲ್ಲಿಗೂ ಹೋಗುವುದಿಲ್ಲ. ಗಾಯ ಒಣಗಿದ ಮೇಲೆ ಸ್ನಾನ ಮಾಡಿ, ಅಡುಗೆ ಮಾಡಿ, ಗಲ್ಲಾದಲ್ಲಿ ಕೂತು ಜಗಳ ಬೇಕಾದರೂ ಆಡಿ ಎಂದರು. ಹೆದರಬೇಕಾದದ್ದು ಮುಖ್ಯವಾಗಿ ಸೋಂಕಿಗೆ. ಪೋರ್ಟಿನ ಮೇಲೆ ಕೆಂಪಾದರೆ, ಕೀವು ಕಂಡರೆ, ಜ್ವರ ಬಂದರೆ ಓಡಿ ಬರಬೇಕು. ಸೋಂಕು ಜೋರಾದರೆ ಪೋರ್ಟ್ ತೆಗೆಯಬೇಕಾಗುತ್ತದೆ, ಕೀಮೋ ಅಲ್ಲಿಗೇ ನಿಲ್ಲುತ್ತದೆ.

ಪೋರ್ಟ್ ಹಾಕಿಸಿಕೊಂಡು ಮನೆಗೆ ಬಂದ ದಿನ ಅತ್ತೆಗೆ ತೋರಿಸಲು ಹೋದೆ. ನನ್ನ ಅತ್ತೆ ಅನಸೂಯಮ್ಮ ಫ್ಯಾನಿನ ಕಡೆ ಮುಖ ಎತ್ತಿದರು.

"ಫ್ಯಾನಿಗೆ ಎಷ್ಟು ಧೂಳು ಹಿಡಿದಿದೆ ನೋಡು ಮಾರಾಯ್ತಿ!"

ಆಮೇಲೆ ಒಂದು ದಿನವೂ ಅವರು ಅತ್ತ ಕಣ್ಣು ಹಾಯಿಸಲಿಲ್ಲ. ಗಂಜಿ ಮಾಡಿಕೊಟ್ಟರು, ನನ್ನ ಬಟ್ಟೆ ಒಗೆದರು, ಉದುರಿದ ಕೂದಲನ್ನು ಗುಡಿಸಿದರು. ಆದರೆ ನನ್ನ ಜೊತೆ ಮಾತಾಡುವಾಗ ಅವರ ಕಣ್ಣು ಫ್ಯಾನಿನಲ್ಲಿ, ಇಲ್ಲವೇ ಗೋಡೆಯ ಕ್ಯಾಲೆಂಡರಿನಲ್ಲಿ. ಹೇಸಿಗೆ ಪಡುತ್ತಾರೆ ಎಂದುಕೊಂಡೆ. ಸಿಟ್ಟೂ ಬಂತು, ಅಳುವೂ ಬಂತು. ಕೇಳಲಿಲ್ಲ. ಕೇಳಿದರೆ ಮತ್ತೆ ಫ್ಯಾನಿನ ಸುದ್ದಿಯೇ ಬರುತ್ತಿತ್ತು.

ಕೊನೆಯ ಕೀಮೋ ಬಂದದ್ದು ಆಯುಧಪೂಜೆಯ ದಿನವೇ. ಹೋಟೆಲಿನವರಿಗೆ ಆಯುಧಪೂಜೆ ಎಂದರೆ ಗೊತ್ತಲ್ಲ, ತಿರುಗುವ, ಉರಿಯುವ, ಕೂಗುವ ಯಾವ ವಸ್ತುವನ್ನೂ ಬಿಡುವಂತಿಲ್ಲ. ಅತ್ತೆ ಬೆಳಕು ಹರಿಯುವ ಮೊದಲೇ ಹೋಟೆಲಿಗೆ ಹೋಗಿ ಗ್ರೈಂಡರಿಗೆ, ದೋಸೆ ಕಾವಲಿಗೆ, ಫ್ರಿಜ್ಜಿಗೆ ಅರಸಿನ ಕುಂಕುಮ ಹಚ್ಚಿ, ಅಕ್ಷತೆ ಹಾಕಿ ಬಂದಿದ್ದರು. ಮನೆಯಲ್ಲಿ ಮಿಕ್ಸಿ, ವಾಷಿಂಗ್ ಮೆಷಿನ್, ಸ್ಕೂಟರ್. ಹಿಂದಿನ ವರ್ಷ ಟಿವಿ ರಿಮೋಟಿಗೂ ಹಚ್ಚಿ ಅದರ ಗುಂಡಿಗಳು ಅಂಟಿಹೋಗಿದ್ದವು.

ನಾನು ಹೊರಡುವ ಮುಂಚೆ ಪೋರ್ಟಿನ ಮೇಲೆ ಚರ್ಮ ಮರಗಟ್ಟಿಸುವ ಕ್ರೀಮ್ ಹಚ್ಚಿ, ಮೇಲೆ ತೆಳು ಪ್ಲಾಸ್ಟಿಕ್ ಅಂಟಿಸಿಕೊಂಡೆ. ಹಾಗೆ ಮಾಡಿದರೆ ಸೂಜಿ ಚುಚ್ಚಿದ್ದು ತಿಳಿಯುವುದಿಲ್ಲ. ಹಿಂದಿನ ರಾತ್ರಿ, ಕೀಮೋಗೆ ಮುಂಚೆ ನುಂಗಬೇಕಾದ ಮಾತ್ರೆಗಳ ದೆಸೆಯಿಂದ ನಿದ್ದೆ ಇರಲಿಲ್ಲ. ಕುರ್ತಾದ ಮೇಲಿನ ಗುಂಡಿ ಬಿಚ್ಚಿಕೊಂಡು ಕುರ್ಚಿಯಲ್ಲಿ ಕೂತವಳಿಗೆ ಹಾಗೇ ಜೊಂಪು ಹತ್ತಿತು. ಎದ್ದಾಗ ಯಾರೋ ಗುಂಡಿ ಹಾಕಿದ್ದರು. ಕುಶಲ ಹಾಕಿರಬೇಕು ಎಂದುಕೊಂಡೆ. ಪಾಪ, ಒಳ್ಳೆಯ ಗಂಡ.

ದಾರಿಯಲ್ಲಿ ಶಿಳ್ ಫಾಟಾದ ಟ್ರಾಫಿಕ್ಕಿಗೆ ಬೈಯುತ್ತ ಠಾಣೆ ಮುಟ್ಟಿದೆವು. ಅತ್ತೆಯೂ ಹಟ ಮಾಡಿ ಜೊತೆಗೆ ಬಂದಿದ್ದರು. ಕುಶಲ ಪಾರ್ಕಿಂಗಿನಲ್ಲೇ ಉಳಿದರು. ಕಾರು ಕಾಯಲು ಎಂದರು. ಕಾರಿಗೇನು ಕಾಲು ಬರುತ್ತದೆಯೇ?

ಕೀಮೋ ಕೊಡುವ ನರ್ಸ್ ಮಲ್ಲಿಕಾ ಕಲಬುರಗಿ ಕಡೆಯವಳು, ನಗದೆ ಮಾತಾಡಿದ್ದೇ ಇಲ್ಲ. ಅವತ್ತು ಗುಂಡಿ ಬಿಚ್ಚಿ ನೋಡಿದವಳ ನಗು ಹಾರಿಹೋಯಿತು.

"ಯವ್ವಾ! ಏನ್ರೀ ಅಕ್ಕಾರ ಇದು?"

ಬಗ್ಗಿ ನೋಡಿದೆ. ಪ್ಲಾಸ್ಟಿಕ್ಕಿನ ಕೆಳಗೆ ಹಳದಿ, ಕೆಂಪು ಎಲ್ಲ ಕಲಸಿಕೊಂಡು ಲೊಳಲೊಳ ಎನ್ನುತ್ತಿತ್ತು. ಕೀವು! ರಕ್ತ!

ಡಾಕ್ಟರ್ ನಿಕಿತಾ ಓಡಿಬಂದರು. "ನೋವಿದೆಯಾ ಆಂಟಿ?" ಎಂದು ಕೇಳಿ ಸುತ್ತ ಒತ್ತಿದರು.

"ಕ್ರೀಮ್ ಹಚ್ಚಿದ್ದೇನೆ ಡಾಕ್ಟರ್. ಈಗ ಅಲ್ಲಿ ಕತ್ತಿ ಹಾಕಿದರೂ ನನಗೆ ಗೊತ್ತಾಗುವುದಿಲ್ಲ."

ಅವರ ಹುಬ್ಬು ಗಂಟಿಕ್ಕಿತು. ಇವತ್ತು ಔಷಧಿ ಕೊಡುವುದು ಬೇಡ, ಸೋಂಕೇ ಆಗಿದ್ದರೆ ಪೋರ್ಟ್ ತೆಗೆಯೋಣ, ಆಮೇಲೆ ನೋಡೋಣ ಎಂದರು. ಆಮೇಲೆ ಎಂದರೆ ಯಾವಾಗ? ಕೈಯಲ್ಲಿ ಒಂದು ನರ ಉಳಿದಿಲ್ಲ. ಇದೊಂದು ಮುಗಿದರೆ ಮುಗಿಯಿತು ಎಂದು ಉಸಿರು ಬಿಗಿಹಿಡಿದು ಬಂದಿದ್ದೆ. ನಾನು, ಗಿರಾಕಿಗಳನ್ನು ಹೆದರಿಸುವ ಪುಷ್ಪಾವತಿ, ಮಂಚದ ಮೇಲೆ ಕೂತು ಗೊಳೋ ಎಂದು ಅತ್ತುಬಿಟ್ಟೆ.

ಬಾಗಿಲ ಬಳಿ ನಿಂತ ಅನಸೂಯಮ್ಮ ಚೀಲದ ಹಿಡಿಯನ್ನು ತಿರುಚುತ್ತಿದ್ದರು. ಒಂದು ಮಾತಿಲ್ಲ. ಲಿಫ್ಟು ತಡವಾದರೂ ಭಾಷಣ ಮಾಡುವ ಹೆಂಗಸು!

ಮಲ್ಲಿಕಾ ಪ್ಲಾಸ್ಟಿಕ್ ಬಿಡಿಸಿ ಮೆಲ್ಲಗೆ ಒರೆಸತೊಡಗಿದಳು. ಒರೆಸುತ್ತಿದ್ದ ಕೈ ತಟ್ಟನೆ ನಿಂತಿತು. ಚಿಮಟದಲ್ಲಿ ಏನನ್ನೋ ಎತ್ತಿ ಬೆಳಕಿಗೆ ಹಿಡಿದಳು.

"ಡಾಕ್ಟರ್, ಇದು ಅಕ್ಕಿಕಾಳು ಅದ ನೋಡ್ರಿ."

ಅರಸಿನ ಹಚ್ಚಿದ ಅಕ್ಕಿಕಾಳು. ಅಕ್ಷತೆ! ನನ್ನ ಅಳು ಅಲ್ಲಿಗೇ ನಿಂತಿತು.

"ಅತ್ತೇ!"

"ಎಲ್ಲ ಮೆಷಿನಿಗೂ ಹಾಕಿದೆ," ಎಂದರು ಅತ್ತೆ, ಚೀಲವನ್ನು ಎದೆಗೆ ಅವುಚಿಕೊಂಡು. "ಅಕ್ಕಿ ರುಬ್ಬುವುದಕ್ಕೆ ಹಾಕಿದೆ, ಬಟ್ಟೆ ಒಗೆಯುವುದಕ್ಕೆ ಹಾಕಿದೆ. ನಿನ್ನನ್ನು ಉಳಿಸುವ ಮೆಷಿನ್ ಒಂದನ್ನು ಬಿಡ್ಲಿಕ್ಕೆ ಆಗ್ತದಾ? ಪ್ಲಾಸ್ಟಿಕ್ ಎತ್ತಿ ಒಂದು ಚಿಟಿಕೆ ಹಾಕಿ ಮತ್ತೆ ಅಂಟಿಸಿದೆ. ನಿನಗೆ ನಿದ್ದೆ."

"ಇಷ್ಟು ದಿನ ಒಮ್ಮೆಯೂ ನೋಡಲಿಲ್ಲ ನೀವು!"

"ನೋಡ್ಲಿಕ್ಕೆ ಧೈರ್ಯ ಎಲ್ಲಿತ್ತು ಪುಷ್ಪಾ? ನಿನ್ನ ಎದೆಯೊಳಗೆ ಅದು ಕೂತದ್ದು ನೆನೆದರೇ ನನಗೆ ಹೆದರಿಕೆ ಆಗ್ತಿತ್ತು. ಪೂಜೆ ಅಂತ ಇವತ್ತು ಹೇಗೋ ಧೈರ್ಯ ಮಾಡಿದೆ."

ನಾನು ಬೈಯಲು ಬಾಯಿ ತೆರೆದಿದ್ದೆ. ಬೈಯುವುದು ಬಿಟ್ಟು ಕಣ್ಣೊರೆಸಿಕೊಂಡೆ.

ಡಾಕ್ಟರ್ ಬಿಡಲಿಲ್ಲ. "ಆಜೀ, ಚರ್ಮ ಎಲ್ಲಾದರೂ ಒಡೆದಿದ್ದರೆ ಇದರಿಂದಲೇ ಸೋಂಕಾಗುತ್ತಿತ್ತು, ಗೊತ್ತಾ?" ಎಂದು ಗದರಿದರು. ಅತ್ತೆ ತಲೆ ತಗ್ಗಿಸಿದರು. ತಗ್ಗಿಸಿದ ತಲೆ ಔಷಧಿ ಹರಿಸುವ ಯಂತ್ರದ ಕಡೆ ತಿರುಗಿತು. ಅದರ ನೆತ್ತಿಯ ಮೇಲೆ ಒಂದು ಚೆಂಡುಹೂವು, ಹಣೆಯಲ್ಲಿ ಕುಂಕುಮ.

"ಇದಕ್ಕೆ ಯಾರು ಹಾಕಿದ್ದು ಡಾಕ್ಟ್ರೇ?"

ಮಲ್ಲಿಕಾ ನೆಲ ನೋಡಿದಳು. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. "ಅದಕ್ಕೆ ಚರ್ಮ ಇಲ್ಲ ಆಜೀ!"

ಚೆನ್ನಾಗಿ ತೊಳೆದು ನೋಡಿದರು. ಚರ್ಮ ಒಡೆದಿರಲಿಲ್ಲ, ಊತವಿಲ್ಲ, ಜ್ವರವಿಲ್ಲ. ರಕ್ತಪರೀಕ್ಷೆಯೂ ಚೆನ್ನಾಗಿ ಬಂತು. ಔಷಧಿ ಇವತ್ತೇ ಎಂದರು. ಮಲ್ಲಿಕಾ ಕೈ ತೊಳೆದು, ಮಾಸ್ಕ್ ಹಾಕಿ, ಮತ್ತೆ ಮತ್ತೆ ಉಜ್ಜಿ ಒಣಗಿಸಿ ಸೂಜಿ ಇಳಿಸಿದಳು. ಹಿಂದಕ್ಕೆ ಎಳೆದರೆ ನಳಿಕೆಯಲ್ಲಿ ರಕ್ತ ಸಲೀಸಾಗಿ ಬಂತು.

"ಪೋರ್ಟ್ ಫಸ್ಟ್ ಕ್ಲಾಸ್ ಅದ್ರೀ ಅಕ್ಕಾರ!"

ಅತ್ತೆ ಮಂಚದ ಪಕ್ಕ ಬಂದು ನಿಂತಿದ್ದರು. ತಲೆಯ ಮೇಲೆ ಫ್ಯಾನು ತಿರುಗುತ್ತಿತ್ತು. ಅವರು ಪೋರ್ಟನ್ನೇ ನೋಡುತ್ತಿದ್ದರು.

ಅಂದಿನಿಂದ ನಮ್ಮ ಮನೆಯಲ್ಲಿ ಸೋಪಿನ ರಾಜ್ಯಭಾರ. ಕೈ ತೊಳೆಯದೆ ಅತ್ತೆ ಯಾರನ್ನೂ ನನ್ನ ಹತ್ತಿರ ಬಿಡಲಿಲ್ಲ. ಮಂತ್ರಾಕ್ಷತೆ ತಂದ ಭಟ್ಟರನ್ನೂ ಬಚ್ಚಲಿಗೆ ಅಟ್ಟಿದರು.

ಚಿಕಿತ್ಸೆ ಮುಗಿದು, ಪರೀಕ್ಷೆಗಳೆಲ್ಲ ಚೆನ್ನಾಗಿ ಬಂದ ಮೇಲೆ ಪೋರ್ಟ್ ತೆಗೆದರು. ಕೇಳಿದ್ದಕ್ಕೆ ತೊಳೆದು ಡಬ್ಬಿಯಲ್ಲಿ ಹಾಕಿ ಕೊಟ್ಟರು. ಈ ವರ್ಷದ ಆಯುಧಪೂಜೆಗೆ ಅತ್ತೆ ಅದನ್ನು ಸ್ಟೀಲ್ ಬಟ್ಟಲಲ್ಲಿಟ್ಟು ಗ್ರೈಂಡರಿಗಿಂತ ಮುಂದೆ ಕೂರಿಸಿದರು. ಸೋಪು ಹಚ್ಚಿ ಕೈ ತೊಳೆದರು. ಆಮೇಲೆ ಅರಸಿನ, ಕುಂಕುಮ, ಒಂದು ಹಿಡಿ ಅಕ್ಷತೆ.

"ಇನ್ನು ಎಷ್ಟು ಬೇಕಾದ್ರೂ ಹಾಕ್ತೇನೆ," ಎಂದರು. "ಯಾವ ಡಾಕ್ಟ್ರು ಬೈತಾರೆ, ನೋಡುವ!"

ಬಟ್ಟಲು ತುಂಬಿ ಪೋರ್ಟು ಕಾಣದಾಯಿತು. ಉಳಿದ ಕುಂಕುಮವನ್ನು ಅವರು ನನ್ನ ಹಣೆಗೆ ಹಚ್ಚಿದರು.